ಬಲಮಗ್ಗುಲಿನ ತೂತು

ನಮ್ಮ ಬೀದಿಯಲ್ಲಿ ಪಾಲಿಟೆಕ್ನಿಕ್ ಓದುವ ಹುಡುಗಿಯೊಬ್ಬಳಿದ್ದಾಳೆ. ನಾನು ಹಳೇ ಕಾಲದ ಡ್ರಾಫ್ಟ್ಸ್‌ಮನ್ ಅಂತ ಯಾರೋ ಹೇಳಿದರಂತೆ, ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಪರದೆಯ ಮೇಲೆ ಒಂದು ಗಟ್ಟಿ ದಿಮ್ಮಿ ಮಾಡಿಟ್ಟಿದ್ದಳು. "ಇದರ ಪಕ್ಕಕ್ಕೆ ತೂತು ಹಾಕೋದು ತೋರಿಸ್ತೀನಿ ನೋಡಿ ಸರ್" ಅಂದಳು. ಮೌಸ್ ಎಳೆದಳು, ದಿಮ್ಮಿ ತಾನೇ ತಿರುಗಿ ತನ್ನ ಬಲಮಗ್ಗುಲನ್ನು ನಮ್ಮ ಕಡೆ ಮಾಡಿತು. ಆ ಮುಖವನ್ನು ಒತ್ತಿದಳು, ಅದರ ಬಣ್ಣ ಬದಲಾಯಿತು. ಅದರ ಮೇಲೊಂದು ವೃತ್ತ, ಇಷ್ಟು ಆಳ ಅಂತ ಒಂದು ಅಂಕಿ, ಆಮೇಲೆ ಒಂದು ಗುಂಡಿ. ಬೆಣ್ಣೆಗೆ ಬೆರಳಿಟ್ಟ ಹಾಗೆ ತೂತು ಬಿತ್ತು. ಎಡವೋ ಬಲವೋ ಅಂತ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಆಮೇಲೆ ಆ ದಿಮ್ಮಿಯಿಂದಲೇ ಡ್ರಾಯಿಂಗ್ ತೆಗೆದು ತೋರಿಸಿದಳು. ಎದುರಿನ ನೋಟ, ಪಕ್ಕದ ನೋಟ, ಎಲ್ಲಾ ಸಾಲಾಗಿ ಕೂತವು. ಎದುರಿನ ನೋಟದಲ್ಲಿ ಆ ತೂತು ಇರುವ ಜಾಗಕ್ಕೆ ಸರಿಯಾಗಿ ಎರಡು ಚುಕ್ಕೆ ಗೆರೆಗಳು ಬಂದಿದ್ದವು. ಹೊರಗಿನಿಂದ ಕಾಣದೆ ಒಳಗೆ ಅಡಗಿರುವುದನ್ನು ಚುಕ್ಕೆ ಗೆರೆಯಲ್ಲಿ ತೋರಿಸುವುದು ನಮ್ಮ ಕಸುಬಿನ ರೂಢಿ. "ಇವೆರಡು ಗೆರೆ ನೀನು ಹಾಕಿದ್ದಾ?" ಅಂತ ಕೇಳಿದೆ. "ಹಾಕೋದೇನಿಲ್ಲ ಸರ್, ತಾನಾಗೇ ಬರುತ್ತೆ" ಅಂದಳು. ನಾನು ತಲೆನೋವು ಅಂತ ಸುಳ್ಳು ಹೇಳಿ ಆ ಮಗುವನ್ನು ಕಳಿಸಿಬಿಟ್ಟೆ. ಮುದುಕನಿಗೆ ಹೊಟ್ಟೆಕಿಚ್ಚು ಅಂದುಕೊಂಡಿರುತ್ತಾಳೆ. ಹೊಟ್ಟೆಕಿಚ್ಚಾಗಿದ್ದರೆ ಎಷ್ಟೋ ವಾಸಿಯಿತ್ತು.

ಅಂಥವೇ ಎರಡು ಗೆರೆಗಳನ್ನು ನಾನು ಒಂದು ಕಾಲದಲ್ಲಿ ಕೈಯಾರೆ ಹಾಕಿದ್ದೆ. ಹಾಕಬೇಕಾದ ದಿನ ಹಾಕಲಿಲ್ಲ, ಹಾಕಬಾರದ ದಿನ ಹಾಕಿದೆ. ಇಷ್ಟು ವರ್ಷ ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಬರೆದಾದರೂ ಬಿಡೋಣ ಅಂತ ಕೂತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ತರೀಕೆರೆಯವನು. ಡಿಪ್ಲೊಮಾ ಮುಗಿಸಿ ಕಡೂರಿನ ಒಂದು ವರ್ಕ್‌ಶಾಪಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿದ್ದೆ. ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ತಗಡಿನ ದೊಡ್ಡ ಶೆಡ್ಡು, ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ವೆಲ್ಡಿಂಗಿಗೆ ಒಂದು ಮೂಲೆ. ಗಾಡಿಯ ಅಚ್ಚು, ಪಂಪಿನ ಬಿಡಿಭಾಗ, ಕಬ್ಬಿನ ಗಾಣದ ಸಾಮಾನು, ಏನು ಬಂದರೂ ಮಾಡಿಕೊಡುತ್ತಿದ್ದರು. ಲಕ್ಕವಳ್ಳಿ ಕಡೆಯಿಂದ ನೀರಿನ ಗೇಟಿನ ಸರಳೂ ಬರುತ್ತಿತ್ತು, ಎಮ್ಮೆದೊಡ್ಡಿಯಿಂದ ಗಾಡಿಯ ಚಕ್ರದ ಪಟ್ಟಿಯೂ ಬರುತ್ತಿತ್ತು. ಯಜಮಾನರು ವ್ಯಾಪಾರದ ಮನೆತನದವರು. ಬೆಳಿಗ್ಗೆ ಹಣೆ ತುಂಬಾ ವಿಭೂತಿ ಇಟ್ಟುಕೊಂಡು ಬಂದು, ಮಿಷನ್ನುಗಳಿಗೆ ಊದುಬತ್ತಿ ಬೆಳಗಿಯೇ ಸ್ವಿಚ್ ಹಾಕಿಸುತ್ತಿದ್ದರು. ಮೂಲೆಯ ಒಂದು ಪುಟ್ಟ ಕೋಣೆಯಲ್ಲಿ ನನ್ನ ಡ್ರಾಯಿಂಗ್ ಬೋರ್ಡು. ಡಿಪ್ಲೊಮಾ ಓದಿದವನು ಇಡೀ ಶೆಡ್ಡಿನಲ್ಲಿ ನಾನೊಬ್ಬನೇ. ಅದು ನನ್ನ ತಲೆಗೆ ಚೆನ್ನಾಗಿಯೇ ಏರಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಅದರ ಮೇಲೆ ಇದು ಬೇರೆ.

ಡ್ರಿಲ್ಲಿಂಗ್ ಮಿಷನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಅಜ್ಜಂಪುರದವರು. ಐವತ್ತು ದಾಟಿತ್ತು. ದಿನಾ ಬೆಳಗಿನ ರೈಲಿಗೆ ಕಡೂರಿಗೆ ಬಂದು, ಸ್ಟೇಷನ್ನಿನಲ್ಲಿ ಇಟ್ಟಿರುತ್ತಿದ್ದ ಸೈಕಲ್ ಹತ್ತಿ ಶೆಡ್ಡಿಗೆ ಬರುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಬ್ಬಿಣದ ಮೇಲೆ ಅವರು ಕಣ್ಣಿಟ್ಟರೆ ಅಳತೆ ಪಟ್ಟಿ ನಾಚಿಕೊಳ್ಳಬೇಕು. ದಿಮ್ಮಿಯನ್ನು ಬೆಳಕಿಗೆ ಹಿಡಿದು, "ಈ ಕಡೆ ಒಂದು ಕೂದ್ಲೆಳೆ ಜಾಸ್ತಿ ಅದೆ" ಅನ್ನುತ್ತಿದ್ದರು. ನಾನು ಛಲಕ್ಕೆ ಬಿದ್ದು ಅಳೆದು ನೋಡುತ್ತಿದ್ದೆ. ಇರುತ್ತಿತ್ತು. ಆ ಕಣ್ಣೇ ಅವರ ಆಸ್ತಿ. ಅದು ಅವರಿಗೂ ಗೊತ್ತಿತ್ತು, ಒಂದು ಸ್ವಲ್ಪ ಜಂಬವೂ ಇತ್ತು. ನನ್ನನ್ನು "ಮೇಷ್ಟ್ರೇ" ಅನ್ನುತ್ತಿದ್ದರು. ಕಾಗದ ಪೆನ್ನು ಹಿಡಿದವರೆಲ್ಲ ಅವರಿಗೆ ಮೇಷ್ಟ್ರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಅಂತ ನನಗೆ ಯಾವತ್ತೂ ತಿಳಿಯಲಿಲ್ಲ. ಆ ವಯಸ್ಸಿನಲ್ಲಿ ಗೇಲಿಯೇ ಅಂದುಕೊಂಡಿದ್ದೆ.

ಮೇಸ್ತ್ರಿ ಡ್ರಾಯಿಂಗ್ ಓದುವ ರೀತಿಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಎಲ್ಲಾ ಆದದ್ದು ಅದರಿಂದಲೇ. ಅವರು ಕಾಗದವನ್ನು ನೆಲಕ್ಕೆ ಹಾಸಿ, ಎದುರಿನ ನೋಟದ ಮೇಲೆ ದಿಮ್ಮಿಯನ್ನು ಇಡುತ್ತಿದ್ದರು. ಬಲಗಡೆ ಇನ್ನೊಂದು ಚಿತ್ರ ಬರೆದಿದ್ದರೆ ದಿಮ್ಮಿಯನ್ನು ಬಲಕ್ಕೆ ಒಂದು ಮಗ್ಗುಲು ಉರುಳಿಸುತ್ತಿದ್ದರು. ಹಾಗೆ ಉರುಳಿಸಿದಾಗ ಮೇಲೆ ಬರುವುದು ದಿಮ್ಮಿಯ ಎಡಮಗ್ಗುಲು. ಆ ಚಿತ್ರ ಆ ಎಡಮಗ್ಗುಲಿನದು ಅಂತ ಅವರ ಲೆಕ್ಕ. ಹಳೇ ಪದ್ಧತಿಯಲ್ಲಿ ಅದು ಸರಿಯಾದ ಲೆಕ್ಕವೇ. ನನಗಿಂತ ಮುಂಚೆ ಅಲ್ಲಿದ್ದ ಡ್ರಾಫ್ಟ್ಸ್‌ಮನ್ ಹಾಗೆಯೇ ಬರೆಯುತ್ತಿದ್ದರು. ನನಗೆ ಕಾಲೇಜಿನಲ್ಲಿ ಕಲಿಸಿದ್ದು ಇನ್ನೊಂದು ಪದ್ಧತಿ. ಡಬ್ಬಿಯ ಬಲಗಡೆಯ ತಗಡನ್ನು ಬಿಚ್ಚಿ ಬಲಕ್ಕೇ ಮಡಚಿದ ಹಾಗೆ, ಬಲಗಡೆ ಬರೆದ ಚಿತ್ರ ಬಲಮಗ್ಗುಲಿನದೇ. ಎರಡೂ ಸರಿ. ಯಾವುದು ಅಂತ ಮೊದಲೇ ಮಾತಾಡಿಕೊಂಡಿರಬೇಕು, ಅಷ್ಟೆ. ಹಳೆಯ ಡ್ರಾಯಿಂಗುಗಳನ್ನೆಲ್ಲ ನೋಡಿದ್ದ ನನಗೆ ಶೆಡ್ಡಿನ ಪದ್ಧತಿ ಯಾವುದು ಅಂತ ಚೆನ್ನಾಗಿ ಗೊತ್ತಿತ್ತು. ಮಾತಾಡಲಿಲ್ಲ. ಹೊಸದನ್ನು ಕಲಿತು ಬಂದವನು ನಾನು, ಅವರು ನನ್ನ ದಾರಿಗೆ ಬರಲಿ ಅನ್ನುವ ಕೊಬ್ಬು.

ತರೀಕೆರೆ ಹತ್ತಿರದ ಒಂದು ಆಲೆಮನೆಯವರು ಗಾಣಗಳಿಗೆ ಹೊಸ ಬ್ಲಾಕು ಬೇಕು ಅಂತ ಬಂದಿದ್ದರು. ಗಾಣದ ಉರುಳೆಯ ತುದಿ ಕೂತು ತಿರುಗುವ ಬೀಡಿನ, ಅಂದರೆ ಎರಕದ ಕಬ್ಬಿಣದ ದಿಮ್ಮಿಗಳು ಅವು, ಒಟ್ಟು ಹದಿನೆಂಟು. ಪ್ರತಿಯೊಂದರ ಬಲಮಗ್ಗುಲಿಗೆ ಒಂದು ತೂತು ಕೊರೆಯಬೇಕು. ಅದರೊಳಗೆ ಎಣ್ಣೆ ಬಿಟ್ಟರೆ ಒಳಗಿನ ತಿರುಗಣಿಗೆ ಹೋಗುತ್ತದೆ. ಎಡಮಗ್ಗುಲು ಗಾಣದ ಚೌಕಟ್ಟಿಗೆ ಒತ್ತಿಕೊಂಡಿರುವುದರಿಂದ ಅಲ್ಲಿ ತೂತಿದ್ದು ಪ್ರಯೋಜನವಿಲ್ಲ. ದಿಮ್ಮಿಯನ್ನು ತಿರುಗಿಸಿ ಕೂರಿಸೋಣವೆಂದರೆ ಒಂದು ಮುಖದಲ್ಲಿ ಮೆಟ್ಟಿಲಿನ ಹಾಗೆ ಅಂಚಿದೆ, ಕೂರುವುದಿಲ್ಲ.

ಆ ಡ್ರಾಯಿಂಗ್ ಬರೆದದ್ದು ಒಂದು ಶನಿವಾರ. ಊರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಎದುರಿನ ನೋಟ ಬರೆದೆ, ಅದರ ಬಲಗಡೆ ಪಕ್ಕದ ನೋಟ ಬರೆದು ಅದರಲ್ಲಿ ತೂತಿನ ವೃತ್ತ ಹಾಕಿದೆ. ಎದುರಿನ ನೋಟದಲ್ಲಿ ಎರಡು ಚುಕ್ಕೆ ಗೆರೆ ಎಳೆದುಬಿಟ್ಟಿದ್ದರೆ ಯಾವ ಪದ್ಧತಿಯವನು ನೋಡಿದರೂ ತೂತು ಬಲಕ್ಕೆ ಅಂತ ತಿಳಿಯುತ್ತಿತ್ತು. ಐದು ನಿಮಿಷದ ಕೆಲಸ. ಪಕ್ಕದ ನೋಟದಲ್ಲಿ ಇದೆಯಲ್ಲ, ಸಾಕು ಅಂತ ಬಿಟ್ಟೆ. ಟ್ರೇಸಿಂಗ್ ಕಾಗದದ ಮೇಲೆ ಇಂಕಿನಲ್ಲಿ ಬರೆದ ಆ ಒಂದೇ ಪ್ರತಿಯನ್ನು ಹಲಗೆಗೆ ಸಿಕ್ಕಿಸಿ ಡ್ರಿಲ್ಲಿಂಗ್ ಮಿಷನ್ನಿನ ಪಕ್ಕ ನೇತುಹಾಕಿ ಬಸ್ಸಿಗೆ ಓಡಿದೆ.

ಎರಡು ದಿನ ಬಿಟ್ಟು ಮೇಸ್ತ್ರಿ ಆ ಹಲಗೆ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದರು. "ಮೇಷ್ಟ್ರೇ, ಈ ಎಣ್ಣೆ ತೂತು ಯಾವ ಮಗ್ಗುಲಿಗೆ?"

ಅದೇ ಗಳಿಗೆಯಲ್ಲಿ ನನ್ನ ಪೆನ್ನಿನಿಂದ ಒಂದು ತೊಟ್ಟು ಇಂಕು ಬಿದ್ದು ಬೇರೆ ಯಾವುದೋ ಡ್ರಾಯಿಂಗ್ ಹಾಳಾಗಿತ್ತು. ಬೆಳಗಿನಿಂದ ಮಾಡಿದ್ದು ನೀರಿನಲ್ಲಿ ಹೋಮವಾಗಿತ್ತು. ನಾನು ತಲೆ ಎತ್ತದೆ, "ಕಾಗದದಲ್ಲಿ ಇದೆಯಲ್ಲ. ಕಣ್ಣು ಕಾಣಲ್ವಾ ನಿಮಗೆ?" ಅಂದೆ.

ಅವರು "ಆಯ್ತು ಬಿಡಿ" ಅಂದು ಹೋದರು. ಮೂರು ದಿನ ಆ ಮಿಷನ್ನು ಬೀಡನ್ನು ಕೊರೆಯುವ ಸದ್ದು ಕೇಳಿಸುತ್ತಲೇ ಇತ್ತು. ನಾನು ಎದ್ದು ಹೋಗಿ ಒಂದನ್ನಾದರೂ ನೋಡಲಿಲ್ಲ.

ಆಲೆಮನೆಯವರು ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಹೋದರು. ಒಂದು ವಾರಕ್ಕೆ ಎಲ್ಲವನ್ನೂ ಹೇರಿಕೊಂಡು ವಾಪಸ್ ಬಂದರು. ಕಬ್ಬು ಅರೆಯುವ ಕಾಲ ಹತ್ತಿರ ಬಂದಿತ್ತು, ಅವರ ಸಿಟ್ಟು ನ್ಯಾಯವಾದದ್ದೇ. "ಎಣ್ಣೆ ಬಿಡೋ ತೂತು ಚೌಕಟ್ಟಿನ ಕಡೀಕೆ ಮಾಡ್ಕೊಟ್ರೆ ನಾವು ಎಣ್ಣೇನ ಎಲ್ಲಿಗೆ ಬಿಡಾನ, ಹೇಳಿ ಯಜಮಾನ್ರೆ" ಅಂದರು. ಆ ತೂತು ಮುಚ್ಚಿ ಈ ಕಡೆ ಬೇರೆ ಕೊರೆದುಕೊಡುತ್ತೇವೆ ಅಂದರೆ, ತೇಪೆ ಹಾಕಿದ ಮಾಲು ಬೇಡ, ಹೊಸದೇ ಬೇಕು ಅಂತ ಹಟ ಹಿಡಿದರು. ನಾನು ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಕೇಳಿದ ತಕ್ಷಣ ನನಗೆ ಎಲ್ಲಾ ಹೊಳೆದುಹೋಯಿತು. ಮೇಸ್ತ್ರಿ ದಿಮ್ಮಿಯನ್ನು ಕಾಗದದ ಮೇಲಿಟ್ಟು ಬಲಕ್ಕೆ ಉರುಳಿಸಿದ್ದಾರೆ.

ಯಜಮಾನರು ಆಲೆಮನೆಯವರನ್ನು ಸಮಾಧಾನ ಮಾಡಿ ಕಳಿಸಿ, ನಮ್ಮಿಬ್ಬರನ್ನೂ ಕರೆದರು. "ಊಟ ಮುಗಿಸ್ಕೊಂಡು ಬತ್ತೀನಿ. ಡ್ರಾಯಿಂಗು ತಗೊಂಡು ಇಬ್ರೂ ಇಲ್ಲೇ ಇರಿ. ತಪ್ಪು ಯಾರ್ದು ಅಂತ ಕಾಗದವೇ ಹೇಳ್ತದೆ" ಅಂದು ಮನೆಗೆ ಹೋದರು.

ಕೆಲಸದವರೆಲ್ಲ ಹಿಂದುಗಡೆ ಹೊಂಗೆಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಮೇಸ್ತ್ರಿಯೂ ಕೈ ತೊಳೆದು ಅಲ್ಲಿಗೆ ಹೋದರು. ಶೆಡ್ಡಿನಲ್ಲಿ ನಾನೊಬ್ಬನೇ ಉಳಿದೆ. ಆಗ ನನ್ನ ತಲೆಯಲ್ಲಿ ಓಡಿದ್ದೇನು ಅಂತ ಈಗ ಪ್ರಾಮಾಣಿಕವಾಗಿ ನೆನೆಸಿಕೊಂಡರೆ, ಮೇಸ್ತ್ರಿಯ ವಿಚಾರ ಒಂದಿಷ್ಟೂ ಇರಲಿಲ್ಲ. ಅವರ ಮುಂದೆ ನನಗೆ ಅವಮಾನವಾಗುತ್ತದಲ್ಲ ಅನ್ನುವುದೊಂದೇ ಇತ್ತು. ಎರಡು ಪದ್ಧತಿಯ ವಿಚಾರ ಹೇಳಿದರೆ, ಶೆಡ್ಡಿನ ಪದ್ಧತಿ ಗೊತ್ತಿದ್ದೂ ಯಾಕೆ ಹೀಗೆ ಬರೆದೆ ಅಂತ ಯಜಮಾನರು ಕೇಳುತ್ತಾರೆ. ಚುಕ್ಕೆ ಗೆರೆ ಎಲ್ಲಿ ಅಂತ ಕೇಳುತ್ತಾರೆ. ನಾಲ್ಕನೇ ಕ್ಲಾಸಿನವರ ಎದುರು ಡಿಪ್ಲೊಮಾದವನು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ.

ಹಲಗೆಯನ್ನು ಮೊಳೆಯಿಂದ ತೆಗೆದು ಕೋಣೆಗೆ ತಂದೆ. ಸ್ಕೇಲು ಇಟ್ಟು ಎದುರಿನ ನೋಟದಲ್ಲಿ, ನಡುವಿನ ದೊಡ್ಡ ತೂತಿನಿಂದ ಬಲಗಡೆಯ ಅಂಚಿನವರೆಗೆ ಎರಡು ಚುಕ್ಕೆ ಗೆರೆ ಎಳೆದೆ. ಅಷ್ಟು ನೀಟಾದ ಗೆರೆಗಳನ್ನು ನಾನು ಅದಕ್ಕೆ ಮುಂಚೆ ಎಳೆದಿರಲಿಲ್ಲ. ಇಂಕು ಒಣಗಲಿ ಅಂತ ಬಾಯಲ್ಲಿ ಊದಿದೆ. ಹೊಸ ಗೆರೆ ಹಳೆಯವಕ್ಕಿಂತ ಕಪ್ಪಗೆ ಕಾಣುತ್ತಿತ್ತು, ಕೆಳಗಿದ್ದ ಲೋಹದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಅದರ ಮೇಲೆ ಮೆತ್ತಗೆ ಸವರಿದೆ. ಹಲಗೆಯನ್ನು ಮತ್ತೆ ಮೊಳೆಗೆ ಹಾಕಿದಾಗ ಹೊರಗೆ ಮೇಸ್ತ್ರಿ ಯಾರ ಮಾತಿಗೋ ನಗುತ್ತಿರುವುದು ಕೇಳಿಸಿತು. ಅವರಿಗೆ ತಮ್ಮ ಮೇಲೆ ಅಷ್ಟು ಧೈರ್ಯವಿತ್ತು.

ಯಜಮಾನರು ಬಂದು ಕನ್ನಡಕ ಹಾಕಿಕೊಂಡು ಕಾಗದ ನೋಡಿದರು. ಅವರಿಗೆ ಡ್ರಾಯಿಂಗ್ ಅಷ್ಟೋ ಇಷ್ಟೋ ಗೊತ್ತಿತ್ತು. ಚುಕ್ಕೆ ಗೆರೆಯ ಮೇಲೆ ಬೆರಳಿಟ್ಟರು. "ಮೇಸ್ತ್ರಿ, ತೂತು ಬಲಕ್ಕೆ ಅಂತ ಇಲ್ಲಿ ಗೆರೆ ಐತಲ್ಲಪ್ಪ. ಇದನ್ನ ನೋಡ್ಲಿಲ್ವಾ?"

ಮೇಸ್ತ್ರಿ ಹಲಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು. ಹತ್ತಿರ ಹಿಡಿದರು, ದೂರ ಹಿಡಿದರು. ಹೆಬ್ಬೆರಳಿನಿಂದ ಒಂದು ಸಲ ಒರೆಸಿ ನೋಡಿದರು. ಈಗ ನನ್ನ ಕಡೆ ತಿರುಗುತ್ತಾರೆ ಅಂದುಕೊಂಡೆ, ತಿರುಗಿದರು. ಆದರೆ ಆ ನೋಟದಲ್ಲಿ ಅನುಮಾನವಿರಲಿಲ್ಲ, ನಾಚಿಕೆಯಿತ್ತು.

"ಐತೆ ಯಜಮಾನ್ರೆ" ಅಂದರು. "ನಾನು ನೋಡ್ಲಿಲ್ಲ. ಮೇಷ್ಟ್ರು ಅವತ್ತೇ ಅಂದ್ರು, ಕಣ್ಣು ಕಾಣಲ್ವಾ ಅಂತ. ಕಾಣ್ಲಿಲ್ಲ ನೋಡಿ."

ಯಜಮಾನರು ಬಯ್ಯಲಿಲ್ಲ. ಬಯ್ದಿದ್ದರೆ ಮೇಸ್ತ್ರಿ ತಿರುಗಿ ಏನಾದರೂ ಅನ್ನುತ್ತಿದ್ದರೋ ಏನೋ. "ವಯಸ್ಸಾದ ಮೇಲೆ ಎಲ್ಲರ್ದೂ ಇದೇ ಕತೆ, ನಂದೂ ಅಷ್ಟೆ. ಒಂದು ಕನ್ನಡಕ ಮಾಡಿಸ್ಕೊಳ್ಳಿ" ಅಂದರು. ಹೊಸ ದಿಮ್ಮಿಗಳನ್ನು ಎರಕ ಹೊಯ್ಯಿಸಿ ತರಿಸಿ, ಅವನ್ನು ಕೊರೆಯಲು ಬೇರೊಬ್ಬನನ್ನು ಮಿಷನ್ನಿಗೆ ನಿಲ್ಲಿಸಿದರು. ಮೇಸ್ತ್ರಿಗೆ ಅರ ಹಾಕುವುದು, ಅಂಚು ಉಜ್ಜುವುದು, ಇಂಥ ಕೆಲಸ ಕೊಟ್ಟರು. ಅದನ್ನು ಮಾಡುವುದಕ್ಕೆ ಆ ಕಣ್ಣು ಬೇಕಾಗಿರಲಿಲ್ಲ.

ಆಮೇಲಿನ ಒಂದೂವರೆ ವರ್ಷ ನಾನು ನೋಡಿದ್ದನ್ನು ಹೇಗೆ ಬರೆಯಲಿ. ಮೇಸ್ತ್ರಿ ದಪ್ಪ ಚೌಕಟ್ಟಿನ ಕನ್ನಡಕ ಹಾಕಿಕೊಂಡು ಬಂದರು. ಆ ವಯಸ್ಸಿಗೆ ಯಾರು ಹೋಗಿ ಕೇಳಿದರೂ ಒಂದು ಕನ್ನಡಕ ಕೊಟ್ಟೇ ಕೊಡುತ್ತಾರೆ. ಮೊದಲು ಒಂದೇ ಸಲ ಗುರುತು ಹಾಕುತ್ತಿದ್ದವರು ಈಗ ಮೂರು ಸಲ ಅಳೆದು, ಆಮೇಲೂ ಪಕ್ಕದವನನ್ನು ಕರೆದು "ಎಷ್ಟು ಅದೆ, ನೋಡಿ ಹೇಳಪ್ಪ" ಅನ್ನತೊಡಗಿದರು. ಸೈಕಲ್ ಬಿಟ್ಟು ಸ್ಟೇಷನ್ನಿನಿಂದ ನಡೆದೇ ಬರತೊಡಗಿದರು, ಎದುರು ಲಾರಿ ಬಂದರೆ ಕಾಣುತ್ತೋ ಇಲ್ಲವೋ ಅಂತ. ನನಗೆ ತಡೆಯಲಾಗದ್ದು ಇನ್ನೊಂದು. ಅವರು ಆಗಾಗ ನನ್ನ ಕೋಣೆಗೇ ಬಂದು, "ಮೇಷ್ಟ್ರೇ, ಇದ್ರಲ್ಲಿ ಇನ್ನೆಲ್ಲಾದ್ರೂ ಚುಕ್ಕೆ ಗೆರೆ ಅದಾ? ಇದ್ರೆ ತೋರ್ಸಿಬಿಡಿ" ಅಂತ ಕೇಳುತ್ತಿದ್ದರು. ನಾನು ಎದ್ದು ನಿಂತು, ಒಂದೊಂದು ಗೆರೆಯ ಮೇಲೂ ಪೆನ್ಸಿಲ್ ಆಡಿಸಿ ತೋರಿಸುತ್ತಿದ್ದೆ. ಅಷ್ಟು ತಾಳ್ಮೆ ನನಗೆ ಎಲ್ಲಿಂದ ಬಂತು ಅಂತ ಶೆಡ್ಡಿನವರಿಗೆಲ್ಲ ಆಶ್ಚರ್ಯ. ಒಳ್ಳೆಯವನಾಗಿಬಿಟ್ಟಿದ್ದಾನೆ ಅಂದುಕೊಂಡರು.

ಹೇಳಿಬಿಡಬೇಕು ಅಂತ ಎಷ್ಟು ಸಲ ಬಾಯಿಗೆ ಬಂತೋ ಲೆಕ್ಕವಿಲ್ಲ. ಮೊದಲ ದಿನ ಹೇಳಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಒಂದು ತಿಂಗಳಾದ ಮೇಲೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅನ್ನುವುದಕ್ಕೂ ಜವಾಬು ಕೊಡಬೇಕಿತ್ತು. ತಡ ಮಾಡಿದಷ್ಟೂ ತಪ್ಪು ಬೆಳೆಯಿತು, ಬೆಳೆದಷ್ಟೂ ಬಾಯಿ ಕಟ್ಟಿತು. ಅಷ್ಟರಲ್ಲಿ ಮೇಸ್ತ್ರಿಯೇ ಒಂದು ದಿನ ಯಜಮಾನರಿಗೆ ಕೈ ಮುಗಿದು, "ಇನ್ನು ಆಗಕಿಲ್ಲ, ಊರಲ್ಲೇ ಇರ್ತೀನಿ" ಅಂತ ಹೇಳಿ ಹೋದರು. ಹೋಗುವಾಗ ನನ್ನ ಕೋಣೆಗೂ ಬಂದು ಹೇಳಿ ಹೋದರು. ನಾನು ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟೆ, ಅಷ್ಟೆ.

ಎಂಬತ್ತರ ದಶಕದ ಮೊದಲಲ್ಲಿ ನನಗೆ ತರೀಕೆರೆಯಲ್ಲೇ ಡ್ರಾಯಿಂಗ್ ಹೇಳಿಕೊಡುವ ಕೆಲಸ ಸಿಕ್ಕಿತು. ಕೊನೆಗೂ ನಿಜವಾದ ಮೇಷ್ಟ್ರಾದೆ. ಪಾಠ ಹೇಳುವಾಗ ಚುಕ್ಕೆ ಗೆರೆಯ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಮರೆತವರ ಹಾಳೆ ಹರಿದು ಹಾಕುತ್ತಿದ್ದೆ. ಮರೆತವರೆಲ್ಲ ನನ್ನ ಹಾಗೆ ಆಗಿಬಿಡುತ್ತಾರೋ ಅನ್ನುವ ಭಯ ನನಗೆ. ಅವರ ಪಾಲಿಗೆ ನಾನು ಬರೀ ಸಿಡುಕ.

ಒಂದು ದಿನ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಡೂರಿನ ಶೆಡ್ಡಿನ ಹಳೇ ವೆಲ್ಡರ್ ಸಿಕ್ಕಿದ. ಮಾತಿನ ನಡುವೆ ಮೇಸ್ತ್ರಿಯ ಸುದ್ದಿ ಹೇಳಿದ. ಅಜ್ಜಂಪುರದಲ್ಲಿ ಯಾರೋ ಹೊಸದಾಗಿ ವರ್ಕ್‌ಶಾಪ್ ಹಾಕುತ್ತಿದ್ದಾರಂತೆ, ಮೇಸ್ತ್ರಿಯನ್ನು ಮನೆಗೇ ಹೋಗಿ ಕರೆದರಂತೆ, ಎಲ್ಲಾ ನೀವೇ ನೋಡಿಕೊಳ್ಳಿ ಅಂದರಂತೆ. "ಹೋಗಾಕಿಲ್ಲ ಅಂದವ್ರೆ ಕಣ್ರೀ. ನನಗೆ ಕಣ್ಣು ಕಾಣಾಕಿಲ್ಲ, ನಿಮ್ಮ ಮಾಲು ಹಾಳಾಗ್ತದೆ ಅಂದ್ರಂತೆ. ಆ ಮನುಷ್ಯನ ಕಣ್ಣಿಗೇನಾಗಿತ್ತು ಅಂತೀನಿ" ಅಂದ ವೆಲ್ಡರ್. ಆ ವರ್ಕ್‌ಶಾಪಿನವರು ಇನ್ನೂ ಒಂದು ತಿಂಗಳು ಕಾಯುತ್ತಾರಂತೆ ಅನ್ನುವುದನ್ನೂ ಹೇಳಿದ. ಆ ಮಾತು ನನ್ನನ್ನು ಹಿಡಿದು ಅಲ್ಲಾಡಿಸಿತು. ಕಳೆದುಹೋದದ್ದು ಹೋಯಿತು, ಇದೊಂದನ್ನಾದರೂ ಉಳಿಸಬಹುದು. ಹೋಗಿ ನಿಜ ಹೇಳಿದರೆ ಅವರು ಕೆಲಸಕ್ಕೆ ಹೋಗುತ್ತಾರೆ. ಮುಂದಿನ ಭಾನುವಾರವೇ ಬೀರೂರಿಗೆ ಹೋಗಿ ಅಲ್ಲಿಂದ ಅಜ್ಜಂಪುರದ ರೈಲು ಹಿಡಿದೆ.

ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೇಸ್ತ್ರಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಈರುಳ್ಳಿ ಬೀಜ ಹಸನು ಮಾಡುತ್ತಿದ್ದರು. ಕನ್ನಡಕ ಹಣೆಯ ಮೇಲಿತ್ತು. ಕರ್ರಗಿನ ಆ ಸಣ್ಣ ಬೀಜಗಳ ನಡುವಿನಿಂದ ಅಷ್ಟೇ ಕರ್ರಗಿನ, ಅಷ್ಟೇ ಸಣ್ಣ ಮಣ್ಣಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಎಸೆಯುತ್ತಿದ್ದರು. ನಾನು ನೋಡುತ್ತಾ ನಿಂತುಬಿಟ್ಟೆ.

"ಓ, ಮೇಷ್ಟ್ರು. ಬನ್ನಿ ಬನ್ನಿ" ಅಂದು ಎದ್ದು ಚಾಪೆ ಹಾಸಿದರು. "ಲೇ, ಕಡೂರಿನ ನಮ್ಮ ಡ್ರಾಯಿಂಗ್ ಮೇಷ್ಟ್ರು ಬಂದವ್ರೆ, ಕಾಫಿ ಇಡು" ಅಂತ ಒಳಗೆ ಕೂಗಿ ಹೆಂಡತಿಗೆ ಹೇಳಿದರು. ಅಷ್ಟು ಸಂತೋಷ ಅವರಿಗೆ. ನಾನು ಕುಶಲ ಸಮಾಚಾರ ಕೂಡ ಕೇಳದೆ, ಕೇಳಿದರೆ ಧೈರ್ಯ ಹೋಗಿಬಿಡುತ್ತದೆ ಅಂತ, ಕೂತ ಕೂಡಲೇ ಹೇಳಿಬಿಟ್ಟೆ. ಆ ಹದಿನೆಂಟು ಬ್ಲಾಕಿನಲ್ಲಿ ನಿಮ್ಮ ತಪ್ಪೇನೂ ಇರಲಿಲ್ಲ ಮೇಸ್ತ್ರಿ. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ. ನಾನು ಚುಕ್ಕೆ ಗೆರೆ ಹಾಕಿರಲೇ ಇಲ್ಲ. ಯಜಮಾನರು ಊಟಕ್ಕೆ ಹೋದಾಗ, ನೀವೆಲ್ಲ ಹೊಂಗೆಮರದ ಕೆಳಗಿದ್ದಾಗ ಹಾಕಿದೆ.

ಅವರು ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ ನಕ್ಕರು. "ವೆಲ್ಡರ್ ಸಿಕ್ಕಿದ್ನಾ ನಿಮಗೆ? ನಾನು ಕೆಲಸಕ್ಕೆ ಹೋಗ್ಲಿಲ್ಲ ಅಂತ ಹೇಳಿರ್ತಾನೆ. ಅದಕ್ಕೆ ಬಂದಿದೀರಿ."

"ಅದಕ್ಕೇ ಬಂದಿದ್ದು. ಆದರೆ ಹೇಳಿದ್ದು ನಿಜ."

"ಮೇಷ್ಟ್ರೇ, ಆ ಗೆರೆ ನಾನು ಕಣ್ಣಾರೆ ನೋಡಿದೀನಿ. ಯಜಮಾನ್ರೂ ನೋಡಿದಾರೆ."

"ನೀವು ನೋಡಿದ್ದು ಆಮೇಲೆ ಹಾಕಿದ್ದನ್ನ."

"ಡ್ರಾಯಿಂಗಿಗೆ ಯಾರಾದ್ರೂ ಆಮೇಲೆ ಗೆರೆ ಹಾಕ್ತಾರಾ?" ಅಂದರು. ಸಿಟ್ಟಿನಿಂದಲ್ಲ, ಚಿಕ್ಕವನಿಗೆ ತಿಳಿಹೇಳುವ ಹಾಗೆ. "ಕೆಲಸ ಆದ ಮೇಲೆ ಕಾಗದ ತಿದ್ದೋ ಮನುಷ್ಯನ ನಾನು ಇದುವರೆಗೂ ನೋಡಿಲ್ಲ. ನೀವು ಅಂಥೋರಲ್ಲ ಬಿಡಿ. ಆಮೇಲೆ ನೀವು ನನಗೆ ಒಂದೊಂದು ಗೆರೇನೂ ಎದ್ದು ನಿಂತು ತೋರಿಸ್ತಿದ್ರಲ್ಲ, ಅದನ್ನ ನಾನು ಮರ್ತಿಲ್ಲ."

ನಾನು ಆಣೆ ಇಡಲು ಹೋದೆ. ಅವರು ನನ್ನ ಕೈ ಹಿಡಿದು ತಡೆದರು. "ನನ್ನ ಸಲುವಾಗಿ ಸುಳ್ಳು ಆಣೆ ಇಡಬೇಡಿ, ಮಕ್ಕಳೊಂದಿಗರು." ಮೊರ ತೋರಿಸಿ, ಇಷ್ಟು ಸಣ್ಣ ಹರಳು ಕಾಣುವ ಕಣ್ಣಿಗೆ ಆ ಗೆರೆ ಕಾಣುತ್ತಿರಲಿಲ್ಲವೇ ಅಂತ ಕೇಳಿದೆ. ಬೀಜ ಬೆರಳಿಗೇ ತಿಳಿಯುತ್ತೆ, ಅದಕ್ಕೆ ಕಣ್ಣು ಬೇಡ ಅಂದರು. ನಾನು ಏನು ಹೇಳಿದರೂ ಅವರು ಅದನ್ನು ನನ್ನ ಒಳ್ಳೆಯತನದ ಖಾತೆಗೇ ಬರೆದುಕೊಳ್ಳುತ್ತಿದ್ದರು. ಕಾಫಿ ತಂದು ಬಾಗಿಲಲ್ಲೇ ನಿಂತಿದ್ದ ಹೆಂಡತಿಗೆ, "ಕೇಳಿದ್ಯೇನೆ, ನನ್ನ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ಳೋಕೆ ತರೀಕೆರೆಯಿಂದ ರೈಲು ಹತ್ಕೊಂಡು ಬಂದವ್ರೆ. ಊಟ ಮಾಡ್ದೆ ಕಳಿಸಬ್ಯಾಡ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಊಟ ಮಾಡಿದೆ. ಮುದ್ದೆ, ಸೊಪ್ಪಿನ ಸಾರು. ಮೇಸ್ತ್ರಿಯ ಹೆಂಡತಿ ಬಡಿಸುತ್ತಿದ್ದರು. ಮೇಸ್ತ್ರಿಯೇ ಎಲ್ಲಾ ಮಾತಾಡಿದರು, ಶೆಡ್ಡಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಹೊರಡುವ ಹೊತ್ತಿಗೆ ಅವರಿಗೆ ಜೊಂಪು ಹತ್ತಿತ್ತು, ಎಬ್ಬಿಸುವುದು ಬೇಡ ಅಂದೆ. ಆಕೆ ಚಪ್ಪಲಿ ಬಿಟ್ಟ ಜಾಗದವರೆಗೆ ಬಂದರು.

"ನೀವು ಹೇಳಿದ್ದು ನಿಜ ಅಲ್ವಾ?" ಅಂತ ಮೆಲ್ಲಗೆ ಕೇಳಿದರು.

"ನಿಜ ಅಮ್ಮ."

ಆಕೆ ಒಮ್ಮೆ ಒಳಗೆ ತಿರುಗಿ ನೋಡಿದರು. "ಅವತ್ತು ಸಾಯಂಕಾಲ ರೈಲಿಂದ ಇಳಿದು ಬಂದೋರೇ ಇಲ್ಲೇ ಕೂತ್ಕೊಂಡು ಹೇಳಿದ್ರು. ಆ ಗೆರೆ ಬೆಳಿಗ್ಗೆ ಇರ್ಲಿಲ್ಲ ಕಣೇ, ನಾನು ಅಷ್ಟು ಸಲ ನೋಡಿದೀನಿ, ಇರ್ಲಿಲ್ಲ ಅಂತ. ಊಟ ಮಾಡ್ಲಿಲ್ಲ. ಎರಡು ದಿನ ಅದೇ ಮಾತು. ನಾನೇ ಬಯ್ದೆ. ಕಾಗದ ಸುಳ್ಳು ಹೇಳ್ತದಾ, ವಯಸ್ಸಾಯ್ತು ಅಂತ ಒಪ್ಕೊಳ್ಳಿ, ಓದಿದೋರ ಮೇಲೆ ಇಲ್ಲದ ಅನುಮಾನ ಪಡಬೇಡಿ ಅಂತ ಬಯ್ದೆ. ಕನ್ನಡಕದ ಅಂಗಡಿಗೂ ನಾನೇ ಕರ್ಕೊಂಡು ಹೋದೆ."

ಕ್ಷಮಿಸಿ ಅಂದೆನೋ ಏನೋ.

"ನೀವು ಹೇಳಿ ಹಗುರಾದ್ರಿ" ಅಂದರು. "ಇಷ್ಟು ವರ್ಷ ಆದ ಮೇಲೆ ನಾನು ಈಗ ಹೋಗಿ ಅವರಿಗೆ ಏನಂತ ಹೇಳ್ಲಿ."

ಒಳಗಿನಿಂದ ಮೇಸ್ತ್ರಿ ಎದ್ದು, "ಮೇಷ್ಟ್ರು ಹೊರಟ್ರೇನೇ?" ಅಂತ ಕೇಳುವುದು ಕೇಳಿಸಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೂಂ, ಹೊರಟ್ರು" ಅಂದು ಒಳಗೆ ಹೋದರು.